ಇಳಿಯುವ ಹಕ್ಕಿಗೆ ಕಾವಲು ನೆಲದ ದನಿ

2023ರ ಏಪ್ರಿಲ್ 2, ಭಾನುವಾರ. ಬೆಳಿಗ್ಗೆ 7.10ಕ್ಕೆ ಚಳ್ಳಕೆರೆಯ ಕಾವಲು ನೆಲದಿಂದ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಮೇಲೆದ್ದಿತು. ಅದರ ಹೊಟ್ಟೆಯಡಿ ರೆಕ್ಕೆಗಳಿದ್ದ ಇಸ್ರೊದ ವಾಹನವೊಂದು ತೂಗುತ್ತಿತ್ತು. ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಹೋದ ಮೇಲೆ ಸ್ಥಾನ, ವೇಗ, ಎತ್ತರ ಎಲ್ಲವೂ ಲೆಕ್ಕಕ್ಕೆ ಕೂಡಿದವೆಂದು ವಾಹನದ ಕಂಪ್ಯೂಟರೇ ತೀರ್ಮಾನಿಸಿತು; ಕೊಂಡಿ ಕಳಚಿತು. ಒಳಗೆ ಪೈಲಟ್ ಇಲ್ಲ. ತಪ್ಪಿದರೆ ಇನ್ನೊಂದು ಸುತ್ತು ಹಾಕಿ ಬರಲು ಎಂಜಿನ್ನಿನ ಬಲವೂ ಇಲ್ಲ. 7.40ಕ್ಕೆ ಅದು ರನ್‌ವೇ ಮೇಲೆ ನೆಟ್ಟಗೆ ಇಳಿದಿತ್ತು.

ಕಣ್ಣಿಲ್ಲದ ವಾಹನ ದಾರಿ ಕಂಡುಕೊಂಡಿದ್ದು ಹೇಗೆ? ಕಥೆ ಪಕ್ಕದ ಬಳ್ಳಾರಿಯನ್ನೂ ಹಾದು ಬರುತ್ತದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಅಂಚೆ ಚೀಲ ಹೊತ್ತು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಬಳ್ಳಾರಿ ಮಾರ್ಗವಾಗಿ ಮದ್ರಾಸಿಗೆ ಹಾರಿದರು. ಆ ಪುಟ್ಟ ವಿಮಾನದಲ್ಲಿ ರೇಡಿಯೊ ಇರಲಿಲ್ಲ, ದಾರಿ ಹೇಳುವವರು ನೆಲದಲ್ಲೂ ಇರಲಿಲ್ಲ. ಕಣ್ಣಿಗೆ ಕಾಣುವ ನೆಲವನ್ನೇ ನಂಬಿ ಹಾರಬೇಕಿತ್ತು.

ಆಮೇಲೆ ನೆಲಕ್ಕೆ ದನಿ ಬಂತು. ಮೊದಲು ಬಂದ ರೇಡಿಯೊ ಬೀಕನ್ ‘ನಾನು ಇಲ್ಲಿದ್ದೇನೆ’ ಎಂದಷ್ಟೇ ಹೇಳುತ್ತಿತ್ತು. ಅನಂತರದ ವಿಒಆರ್ ಎಂಬ ಕೇಂದ್ರ ‘ನೀನು ನನ್ನಿಂದ ಯಾವ ದಿಕ್ಕಿನಲ್ಲಿದ್ದೀಯ’ ಎಂದೂ ತಿಳಿಸಿತು. ಐಎಲ್ಎಸ್ ಎಂಬ ವ್ಯವಸ್ಥೆ ಇಳಿಯುವ ದಾರಿಯನ್ನೇ ಗಾಳಿಯಲ್ಲಿ ಎಳೆದು ಕೊಟ್ಟಿತು. ಅದರ ಉಪಾಯ ಸರಳ. ರನ್‌ವೇ ತುದಿಯ ಆಂಟೆನಾ ಒಂದೇ ತರಂಗದ ಮೇಲೆ ಎರಡು ಸ್ವರ ಕಳುಹಿಸುತ್ತದೆ, ಒಂದು 90 ಹರ್ಟ್ಸ್, ಇನ್ನೊಂದು 150. ಇಳಿಯಲು ಬರುವ ವಿಮಾನ ಎಡಕ್ಕೆ ಸರಿದರೆ 90ರ ಸ್ವರ ಜೋರು, ಬಲಕ್ಕೆ ಸರಿದರೆ 150ರದು. ಎರಡೂ ಸಮನಾದರೆ ವಿಮಾನ ರನ್‌ವೇ ನಡುಗೆರೆಯ ನೇರಕ್ಕಿದೆ ಎಂದರ್ಥ. ಇನ್ನೊಂದು ಆಂಟೆನಾ ಇದೇ ಉಪಾಯದಿಂದ ಸುಮಾರು 3 ಡಿಗ್ರಿಯ ಇಳಿಜಾರನ್ನು ತೋರಿಸುತ್ತದೆ.

ಆದರೆ ಇಂಥ ಯಂತ್ರಗಳನ್ನು ಪ್ರತಿ ಸಣ್ಣ ನಿಲ್ದಾಣದಲ್ಲೂ ನಿಲ್ಲಿಸಿ ನೋಡಿಕೊಳ್ಳುವುದು ದುಬಾರಿ. ಅದಕ್ಕೆ ಉತ್ತರವಾಗಿ ಇಸ್ರೊ ಮತ್ತು ವಿಮಾನ ನಿಲ್ದಾಣಗಳ ಪ್ರಾಧಿಕಾರ ಸೇರಿ ‘ಗಗನ್’ ಕಟ್ಟಿದವು. ದೇಶದ ಉದ್ದಗಲಕ್ಕಿರುವ ನೆಲದ ಕೇಂದ್ರಗಳು ಜಿಪಿಎಸ್ ಸಂಕೇತದ ತಪ್ಪನ್ನು ಅಳೆಯುತ್ತವೆ. ಬೆಂಗಳೂರಿನ ಕುಂದಲಹಳ್ಳಿಯ ಕೇಂದ್ರ ತಿದ್ದುಪಡಿಯನ್ನು ಲೆಕ್ಕ ಹಾಕುತ್ತದೆ, ಉಪಗ್ರಹ ಅದನ್ನು ವಿಮಾನಗಳಿಗೆ ಮುಟ್ಟಿಸುತ್ತದೆ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೊ ವಿಮಾನವೊಂದು ಗಗನ್ ನೆರವಿನಿಂದಲೇ ಇಳಿಯಿತು.

ಈ ವಿದ್ಯೆಯ ಮುಂದಿನ ಪಾಠ ನಡೆಯುತ್ತಿರುವುದು ಚಳ್ಳಕೆರೆಯಲ್ಲಿ. 2017ರ ಮೇ 28ರಂದು ಆಗಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ಇಲ್ಲಿ ಡಿಆರ್‌ಡಿಒ ಏರೋನಾಟಿಕಲ್ ಟೆಸ್ಟ್ ರೇಂಜ್ ಉದ್ಘಾಟಿಸಿದರು. 2023ರ ಡಿಸೆಂಬರ್‌ನಲ್ಲಿ ಬಾಲವಿಲ್ಲದ ಪೈಲಟ್‌ರಹಿತ ವಿಮಾನವೊಂದು ನೆಲದ ರಡಾರ್ ನೆರವೂ ಇಲ್ಲದೆ, ಗಗನ್ ರಿಸೀವರ್ ನಂಬಿಕೊಂಡು ಇಲ್ಲಿ ತಾನಾಗಿ ಇಳಿದು ತೋರಿಸಿತು.

ತಪ್ಪಿದರೆ ಇನ್ನೊಂದು ಸುತ್ತು ಹಾಕಲಾಗದ ಇಸ್ರೊ ವಾಹನಕ್ಕೆ ಅದಕ್ಕಿಂತ ಕಠಿಣ ಪರೀಕ್ಷೆ. ಉಪಗ್ರಹಗಳೆಲ್ಲ ನೆತ್ತಿಯ ಮೇಲಿರುವುದರಿಂದ ಅವುಗಳ ಲೆಕ್ಕದಲ್ಲಿ ಎತ್ತರವೇ ಹೆಚ್ಚು ತಪ್ಪುವುದು. ಇದಕ್ಕೆ ಎರಡು ಮದ್ದು ಕಂಡುಕೊಂಡರು. ಒಂದು ಸೂಡೊಲೈಟ್, ಅಂದರೆ ನೆಲದಲ್ಲೇ ನಿಂತು ಉಪಗ್ರಹದ ಹಾಗೆ ಸಂಕೇತ ಕೊಡುವ ಪ್ರಸಾರಕ. ಇನ್ನೊಂದು ರಡಾರ್ ಆಲ್ಟಿಮೀಟರ್. ಕೆಳಕ್ಕೆ ಬಿಟ್ಟ ತರಂಗ ನೆಲ ಮುಟ್ಟಿ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಲ್ಲಿ ಮರಳಿದರೆ ನೆಲ 150 ಮೀಟರ್ ಕೆಳಗಿದೆ. ಆದರೆ ಕಾವಲು ಹಾಸುಗಲ್ಲಿನಂತೆ ಸಮತಟ್ಟಲ್ಲ; ದಿಣ್ಣೆಯ ಮೇಲೆ ಬಂದಾಗ ಅಳತೆ ತಟಕ್ಕನೆ ಕುಗ್ಗುತ್ತದೆ, ಹಳ್ಳದ ಮೇಲೆ ಹಿಗ್ಗುತ್ತದೆ. ಹಾಗಾಗಿ ಈ ನೆಲದ ಉಬ್ಬುತಗ್ಗನ್ನೆಲ್ಲ ಅಂಕಿಗಳಲ್ಲಿ ಬರೆದಿಟ್ಟ ನಕಾಶೆ ವಾಹನದ ನೆರವಿಗಿತ್ತು. 2024ರ ಮಾರ್ಚ್ 22 ಮತ್ತು ಜೂನ್ 23ರಂದು ‘ಪುಷ್ಪಕ್’ ಹೆಸರಿನಲ್ಲಿ ಪ್ರಯೋಗ ಮುಂದುವರಿಯಿತು. ಕೊನೆಯ ಬಾರಿ ರನ್‌ವೇ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟರೂ ಅದು ತಾನೇ ದಾರಿ ತಿದ್ದಿಕೊಂಡು, ಗಂಟೆಗೆ 320 ಕಿ.ಮೀ. ವೇಗದಲ್ಲಿ ಬಂದು ಇಳಿಯಿತು.

ತೊಂಬತ್ತು ವರ್ಷ ಹಾರಿ ಬಂದು ನಾವು ಕಲಿತದ್ದು ಇಷ್ಟು: ಚೆನ್ನಾಗಿ ಇಳಿಯಬೇಕಾದರೆ ನೆಲವನ್ನು ಚೆನ್ನಾಗಿ ತಿಳಿದಿರಬೇಕು. ವಿನ್ಸೆಂಟ್ ಕಣ್ಣಿನಿಂದ ತಿಳಿದದ್ದನ್ನು ಪುಷ್ಪಕ್ ತರಂಗದಿಂದ ತಿಳಿಯುತ್ತದೆ.

ಇದೇ ನೆಲವನ್ನು ಕಾಲಿನಿಂದ ತಿಳಿದವರೂ ಇದ್ದಾರೆ. ಇದು ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಿದ್ದ ಹುಲ್ಲುಗಾವಲು. ಯಾವ ದಿಣ್ಣೆಯ ಹಿಂದೆ ಹುಲ್ಲು, ಯಾವ ಹಳ್ಳದಲ್ಲಿ ನೀರು ಎಂಬುದು ದನ, ಕುರಿ ಕಾಯುವವರಿಗೆ ನಕಾಶೆಯಿಲ್ಲದೆ ಗೊತ್ತು. ಈ ಕಾವಲು ಡಿಆರ್‌ಡಿಒದಂಥ ಸಂಸ್ಥೆಗಳ ಪಾಲಾದಾಗ ಇಲ್ಲಿನ ಅಳಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಪುಷ್ಪಕ್ ಇಳಿದಾಗ ನನಗೆ ಹೆಮ್ಮೆಯಾಯಿತು. ಬೇಲಿಯಾಚೆ ಮೇವಿಗೆ ಬಳಸು ದಾರಿ ಹಿಡಿದ ಕುರಿಮಂದೆ ನೆನೆದರೆ ಸಂಕಟವೂ ಆಗುತ್ತದೆ. ಉಳಿದ ಕಾವಲು ಹುಲ್ಲಾಗಿಯೇ ಉಳಿಯಬೇಕು. ಆ ಟೆಸ್ಟ್ ರೇಂಜಿನ ಯಂತ್ರಗಳ ಮುಂದೆ ಕೂರುವವರಲ್ಲಿ ಚಳ್ಳಕೆರೆ, ಪಕ್ಕದ ಮೊಳಕಾಲ್ಮುರಿನ ಮಕ್ಕಳೂ ಇರಬೇಕು. ಆಕಾಶಕ್ಕೆ ದಾರಿ ಹೇಳಿಕೊಟ್ಟ ಈ ನೆಲಕ್ಕೆ ಅಷ್ಟು ಋಣ ಸಲ್ಲಲೇಬೇಕು.