ತಮಟೆಯಿಂದ ರ‍್ಯಾಪ್‌ವರೆಗೆ ಒಂದು ಹಾಡಿನ ಹಾದಿ

2005ನೇ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಗೀತರಚನೆಯ ಗೌರವ ಸಂದದ್ದು ‘ತಾಯಿ’ ಎಂಬ ಕನ್ನಡ ಚಿತ್ರದ ಹಾಡಿಗೆ. ಬರೆದವರು ಬರಗೂರು ರಾಮಚಂದ್ರಪ್ಪ. ಊರು ಶಿರಾ ತಾಲ್ಲೂಕಿನ ಬರಗೂರು. ಹಳೆಯ ಪ್ರಶಸ್ತಿ ಪಟ್ಟಿಯೊಂದನ್ನು ತಿರುವುತ್ತಿದ್ದಾಗ ಈ ಸಾಲು ಕಣ್ಣಿಗೆ ಬಿತ್ತು. ಮರುವರ್ಷ ಅದೇ ಪ್ರಶಸ್ತಿ ಪಡೆದವರು ಸ್ವಾನಂದ್ ಕಿರ್ಕಿರೆ, ಅದರ ಮುಂದಿನ ವರ್ಷ ಪ್ರಸೂನ್ ಜೋಶಿ. ಆ ಇಬ್ಬರ ಹಾಡು ಗುನುಗುವ ಹುಡುಗರು ಮಧುಗಿರಿ, ಶಿರಾ ಬಸ್‌ಸ್ಟ್ಯಾಂಡಿನಲ್ಲಿ ಬೇಕಾದಷ್ಟು ಸಿಗುತ್ತಾರೆ. ಬರಗೂರರನ್ನು ಕಾದಂಬರಿಕಾರರೆಂದು, ನಿರ್ದೇಶಕರೆಂದು, 2016ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೆಂದು ಬಲ್ಲವರು ಅನೇಕರಿದ್ದಾರೆ. ಹಾಡಿನ ಮಾತಿಗಾಗಿ ದೇಶವೇ ಗೌರವಿಸಿದ ಮನುಷ್ಯ ನಮ್ಮ ಪಕ್ಕದ ಊರಿನವರು ಎಂಬುದು ಮಾತ್ರ ಯಾರ ಬಾಯಲ್ಲೂ ಇಲ್ಲ. ಹಾಡನ್ನು ಮಾತಿಗಾಗಿ ಕೇಳುವ ನನಗೆ ಇದು ತುಂಬ ನೋವಿನ ಸಂಗತಿ.

ನಾನು ರ‍್ಯಾಪ್ ಕೇಳುವವನು, ಅದರಲ್ಲೂ ಮಾತಿಗಾಗಿ ಕೇಳುವವನು. ಬೀಟ್ ಎಷ್ಟೇ ಜೋರಿರಲಿ, ಮೂರನೇ ಸಲ ಕೇಳುವಾಗ ಮಾತು ಹೊಸದಾಗಿ ಏನನ್ನೂ ಕೊಡದಿದ್ದರೆ ಆ ಹಾಡು ನನ್ನ ಫೋನಿನಲ್ಲಿ ಉಳಿಯುವುದಿಲ್ಲ. 1982ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡದ ‘ದಿ ಮೆಸೇಜ್’ ನ್ಯೂಯಾರ್ಕಿನ ಬಡ ಕೇರಿಯ ಬದುಕನ್ನು ಕಂಡದ್ದು ಕಂಡಂತೆ ಹೇಳಿತು. ಕುಣಿಸುವ ಸಂಗೀತಕ್ಕೆ ಸುದ್ದಿಯನ್ನು ಹೊರುವ ಶಕ್ತಿಯಿದೆ ಎಂದು ಜಗತ್ತಿಗೆ ಗೊತ್ತಾದದ್ದು ಅಂಥ ಹಾಡುಗಳಿಂದ. 2018ರಲ್ಲಿ ರ‍್ಯಾಪರ್ ಕೆಂಡ್ರಿಕ್ ಲಮಾರ್‌ಗೆ ಪುಲಿಟ್ಜರ್ ಬಂತು. ಶಾಸ್ತ್ರೀಯ ಮತ್ತು ಜಾಝ್ ಸಂಗೀತದ ಆಚೆಗೆ ಆ ಸಂಗೀತ ಪ್ರಶಸ್ತಿ ಹೋದದ್ದು ಅದೇ ಮೊದಲು. ಕನ್ನಡದಲ್ಲಿ ಹಳ್ಳಿಹಳ್ಳಿಗೂ ತಲುಪಿದ ರ‍್ಯಾಪ್ ಎಂದರೆ ಚಂದನ್ ಶೆಟ್ಟಿಯವರ ‘3 ಪೆಗ್’. ಕನ್ನಡ ಆ ಓಟಕ್ಕೆ ಒಗ್ಗುತ್ತದೆ ಎಂದು ಪಾವಗಡದ ಮೂಲೆಯ ಹುಡುಗನಿಗೂ ತೋರಿಸಿಕೊಟ್ಟ ಹಾಡು ಅದು; ಆ ಉಪಕಾರ ದೊಡ್ಡದು. ಆದರೆ ನನ್ನ ಕಿವಿ ಹುಡುಕುವುದು ಬೇರೆಯದನ್ನು.

ರ‍್ಯಾಪ್ ಬೆಳೆದ ಹಿಪ್‌ಹಾಪ್ ಸಂಸ್ಕೃತಿ ಹುಟ್ಟಿದ ದಿನವೆಂದು ಎಲ್ಲರೂ ಹೇಳುವುದು 1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್‌ನ ಒಂದು ವಸತಿ ಕಟ್ಟಡದಲ್ಲಿ ಕೂಲ್ ಹರ್ಕ್ ಎಂಬ ಯುವಕ ತಂಗಿಯ ಪಾರ್ಟಿಗೆ ರೆಕಾರ್ಡ್ ಹಾಕಿದ ದಿನ. ಅದೇ ವರ್ಷದ ನವೆಂಬರ್‌ನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದುಬಿಟ್ಟರು. ಈ ಎರಡಕ್ಕೂ ಒಂದಕ್ಕೊಂದು ಸಂಬಂಧವಿಲ್ಲ. ಆದರೂ ಎರಡು ಕಡೆಯೂ ಆಮೇಲೆ ಹುಟ್ಟಿದ ಹಾಡುಗಳನ್ನು ಅಕ್ಕಪಕ್ಕ ಇಟ್ಟು ಕೇಳಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಬೂಸಾ ಮಾತಿಗೆ ರಾಜ್ಯವೇ ಹೊತ್ತಿಕೊಂಡಿತು. ಕಾಲೇಜು ಹುಡುಗರು ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಮಲ ಹೊರುವ ಪದ್ಧತಿ ನಿಲ್ಲಿಸಲು ಪಟ್ಟು ಹಿಡಿದಿದ್ದ ಮಂತ್ರಿ ಕುರ್ಚಿ ಬಿಡಬೇಕಾಯಿತು. ಮೇವಿನ ಮಾತೊಂದಕ್ಕೆ ಅಷ್ಟು ರೊಚ್ಚಿಗೆದ್ದವರು, ಯಾರ ಬದುಕು ಪುಸ್ತಕಗಳಲ್ಲಿ ಇಲ್ಲವೋ ಅವರ ಕಡೆ ಒಮ್ಮೆ ತಿರುಗಿ ನೋಡಬಹುದಿತ್ತು. ನೋಡಲಿಲ್ಲ. ಆಗ ಮಾಗಡಿ ಸೀಮೆಯ ಮಂಚನಬೆಲೆಯಿಂದ ಬಂದ ಸಿದ್ಧಲಿಂಗಯ್ಯ ಬೆಂಗಳೂರಿನಲ್ಲಿ ಓದುತ್ತಿದ್ದ ಹುಡುಗ. ಎರಡು ವರ್ಷಕ್ಕೆ, 1975ರಲ್ಲಿ, ಅವರ ‘ಹೊಲೆಮಾದಿಗರ ಹಾಡು’ ಬಂತು. ಪುಸ್ತಕಕ್ಕಿಂತ ಮುಂದೆ ಓಡಿದ್ದು ಅದರ ಹಾಡುಗಳು. ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ, ಅಕ್ಷರ ಬಾರದವರ ಬಾಯಲ್ಲಿ, ತಮಟೆಯ ಜೊತೆಗೆ.

ತಮಟೆಯನ್ನು ಮೊದಲು ಹುಲ್ಲಿನ ಉರಿಗೆ ಹಿಡಿದು ಕಾಸಬೇಕು. ಚರ್ಮ ಬಿಗಿಯಾದ ಮೇಲೆ ಒಂದು ಕೈಯ ಉದ್ದನೆ ತೆಳು ಕಡ್ಡಿ, ಇನ್ನೊಂದು ಕೈಯ ಗಿಡ್ಡ ಕೋಲು ಎರಡೂ ಒಂದಕ್ಕೊಂದು ಉತ್ತರ ಕೊಡುತ್ತವೆ. ಮುಂದಿನವನು ಒಂದು ಸಾಲು ಎತ್ತುತ್ತಾನೆ, ಹಿಂದಿನವರು ಅದನ್ನೇ ಹಿಡಿಯುತ್ತಾರೆ. ನಡೆಯುತ್ತ ಹಾಡಬೇಕು, ಉಸಿರು ಸಾಲಬೇಕು. ಹಾಗಾಗಿ ಸಾಲು ಗಿಡ್ಡ, ಮಾತು ಗಟ್ಟಿ. ಒಂದು ಪದ ಜಾಸ್ತಿಯಾದರೂ ಹೆಜ್ಜೆ ತಪ್ಪುತ್ತದೆ. ರ‍್ಯಾಪ್ ಬರೆಯುವವರು ಇಂದು ಕಲಿಯಬೇಕಾದ ಜಿಪುಣತನ ಆ ಹಾಡುಗಳಲ್ಲಿದೆ.

ಇಲ್ಲೊಂದು ಕಸುಬಿನ ಮಾತು ಹೇಳಲೇಬೇಕು. ಕನ್ನಡದಲ್ಲಿ ಅಂತ್ಯಪ್ರಾಸ ಪುಕ್ಕಟೆ ಸಿಗುತ್ತದೆ. ಕ್ರಿಯಾಪದ ಕೊನೆಗೆ ಬರುವುದರಿಂದ ಬತ್ತೀನಿ, ಓಗ್ತೀನಿ, ತಿಂತೀನಿ ಎಂದು ಎಷ್ಟು ಸಾಲು ಬೇಕಾದರೂ ಹೊಂದಿಸಬಹುದು. ನಮ್ಮ ರ‍್ಯಾಪ್‌ನ ದೊಡ್ಡ ಪಾಲು ಈ ಸುಲಭಕ್ಕೆ ಬಿದ್ದು ಹಾಳಾಗಿದೆ. ಹಳೆಯ ಕವಿಗಳು ಈ ಅಪಾಯ ಕಂಡವರಂತೆ ಪ್ರಾಸವನ್ನು ಸಾಲಿನ ಎರಡನೇ ಅಕ್ಷರಕ್ಕೆ ಕಟ್ಟಿದರು: ಕಲ್ಲು, ಹುಲ್ಲು, ಬೆಲ್ಲ. ಅಲ್ಲಿ ಮೊದಲ ಪದವನ್ನೇ ಹುಡುಕಿ ತರಬೇಕು, ಬೆವರು ಸುರಿಸಬೇಕು. ಕ್ರಿಯಾಪದವನ್ನು ಮುಂದಕ್ಕೆಳೆದು ಸಾಲನ್ನು ಒಂದು ವಸ್ತುವಿನ ಹೆಸರಿನ ಮೇಲೆ ನಿಲ್ಲಿಸುವ, ಪ್ರಾಸವನ್ನು ಸಾಲಿನೊಳಗೆ ಅಡಗಿಸುವ ಹುಡುಗ ಸಿಕ್ಕಾಗ ನಾನು ಹಾಡನ್ನು ನಿಲ್ಲಿಸಿ ಮತ್ತೆ ಮೊದಲಿಂದ ಕೇಳುತ್ತೇನೆ.

ಬೂಸಾ ಜಗಳದ ಬಾಲ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದವರೆಗೂ ಬಂತು. ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಕೊಡಿ ಎಂದು ಲೇಖಕರು ಕೇಳಿದರು, ಸಾಹಿತ್ಯ ಪರಿಷತ್ತು ಕೊಡಲಿಲ್ಲ. ಅದಕ್ಕೆ ಉತ್ತರವಾಗಿ 1979ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಬಂಡಾಯ ಸಂಘಟನೆಯ ಮೊದಲ ಸಂಚಾಲಕರು ಅದೇ ಬರಗೂರು. ಬೀದಿಯ ಹಾಡು ಸಿನಿಮಾದೊಳಗೂ ಕಾಲಿಟ್ಟಿತು. ಸಿದ್ಧಲಿಂಗಯ್ಯನವರೂ ಚಿತ್ರಗೀತೆ ಬರೆದರು, ಬರಗೂರರೂ ಬರೆದರು. ಆ ಪ್ರಶಸ್ತಿ ಪಟ್ಟಿಯ ಸಾಲಿನ ಹಿಂದೆ ಇಷ್ಟು ಕಥೆ ಇದೆ.

ಇದಕ್ಕೂ ಹಿಂದಕ್ಕೆ ಹೋದರೆ ಇಸವಿಗಳು ಕೈ ಬಿಡುತ್ತವೆ. ಶಿರಾ ತಾಲ್ಲೂಕಿನ ಕಳುವರಹಳ್ಳಿ ಹತ್ತಿರ ಜುಂಜಪ್ಪನ ಗುಡ್ಡೆ ಇದೆ. ಜುಂಜಪ್ಪ ಕಾಡುಗೊಲ್ಲರ ದೈವ, ದನ ಕಾಯ್ದ ವೀರ. ಅವನ ಕಥೆ ಹೇಳುವವರ ಕೈಯಲ್ಲಿ ಗಣೆ, ಬಿದಿರಿನ ಉದ್ದನೆ ಕೊಳಲು. ಒಂದು ತುಣುಕು ಕಥೆ ಹಾಡಿ, ಗಣೆ ಊದಿ, ಮತ್ತೆ ಕಥೆಗೆ ಬರುತ್ತಾರೆ. ಮಾತು ಓಡುವಾಗ ರಾಗ ಹಿಂದೆ ಸರಿಯುತ್ತದೆ, ರಾಗ ಬಂದಾಗ ಕೇಳುವವನಿಗೆ ಯೋಚಿಸಲು ಬಿಡುವು. ಜುಂಜಪ್ಪನ ಕಾವ್ಯವನ್ನು ವಿದ್ವಾಂಸರು ಪುಸ್ತಕದಲ್ಲಿ ಉಳಿಸಿದ್ದಾರೆ. ಗಣೆ ಹಿಡಿಯುವ ಎಳೆಯ ಕೈಗಳು ಕಡಿಮೆಯಾಗುತ್ತಿವೆ. ಮಧುಗಿರಿಯಲ್ಲೂ ಕೊರಟಗೆರೆಯಲ್ಲೂ ಗಣಪತಿ ಬಿಡುವ ದಿನ ಈಗ ಲಾರಿ ತುಂಬ ಡಿಜೆ ಪೆಟ್ಟಿಗೆಗಳು. ಎದೆ ಅದುರುತ್ತದೆ, ಒಂದೇ ಒಂದು ಮಾತೂ ಕಿವಿಗೆ ಬೀಳುವುದಿಲ್ಲ. ಇದನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಹೊಸಬರಲ್ಲಿ ಭರವಸೆ ಇಲ್ಲದಿಲ್ಲ. ಬೆಂಗಳೂರಿನ ಬ್ರೋಧಾ ವಿ 2012ರ ‘ಆತ್ಮ ರಾಮ’ದಲ್ಲಿ ಇಂಗ್ಲಿಷ್ ರ‍್ಯಾಪ್‌ಗೆ ರಾಮನ ಸ್ತುತಿಯನ್ನು ಬೆಸೆದರು. ಆಲ್ ಓಕೆ, ಎಂಸಿ ಬಿಜ್ಜು, ರಾಹುಲ್ ಡಿಟ್ಟೋ ಮೊದಲಾದವರು ಕನ್ನಡದಲ್ಲೇ ಹಾಡಿ ಕೇಳುಗರನ್ನು ಕಟ್ಟಿಕೊಂಡರು. 2021ರ ‘ಸಲಗ’ ಚಿತ್ರಕ್ಕಾಗಿ ಸಿದ್ದಿ ಜನ ತಮ್ಮದೇ ಗತ್ತಿನಲ್ಲಿ ಹಾಡಿದಾಗ ನಾಡೆಲ್ಲ ಅದನ್ನು ಹಾಡಿಕೊಂಡಿತು.

ಬರೆಯಲು ವಸ್ತುವಿಗೆ ನಮ್ಮ ಕಡೆ ಬರವಿಲ್ಲ. ಪಾವಗಡದ ತಿರುಮಣಿ, ವಳ್ಳೂರು ಸುತ್ತಿನ ಐದು ಊರುಗಳಲ್ಲಿ ಸುಮಾರು 13,000 ಎಕರೆಯ ಮೇಲೆ ಸೌರ ಫಲಕಗಳು. 2,050 ಮೆಗಾವಾಟ್ ವಿದ್ಯುತ್. ಶೇಂಗಾ ಬೆಳೆಯುತ್ತಿದ್ದ ಹೊಲ ಕೊಟ್ಟವರಿಗೆ ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ. ಹೊಲವೇ ಇಲ್ಲದೆ ಕಳೆ ಕಿತ್ತು ಬದುಕುತ್ತಿದ್ದವರಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಇಲ್ಲ. ಜೊತೆಗೆ ಫ್ಲೋರೈಡ್ ನೀರು ಕುಡಿದು ಕಲೆಗಟ್ಟಿದ ಹಲ್ಲು, ಬಾಗಿದ ಮೂಳೆ. ಅರ್ಧ ತೆಲುಗು, ಅರ್ಧ ಕನ್ನಡ ಬೆರೆತ ಪಾವಗಡದ ಮಾತಿನಲ್ಲೇ ಇದೆಲ್ಲ ಹಾಡಾಗಬೇಕು. ಬೆಂಗಳೂರಿನ ಕನ್ನಡಕ್ಕೆ ತಿದ್ದಿದರೆ ಅದರ ಖಾರ ಹೋಗುತ್ತದೆ. ತಿರುಮಣಿಯ ಕೂಲಿಯವರ ಮಗಳೋ ಮಗನೋ ತಮಟೆಯೊಂದನ್ನು ಕಾಸಿಕೊಂಡು ಹದಿನಾರು ಸಾಲು ಬರೆದರೆ ಸಾಕು, ಕೇಳಲು ನಾನಿದ್ದೇನೆ.