ನೂರು ಜನ ಹಿಡಿಸೋ ಕೋಣೆ, ನಾಲ್ಕು ಜನರ ಬ್ಯಾಂಡ್

ಪ್ರೊ-ನೈಟ್ ಅಂದ್ರೆ ನಮಗೆಲ್ಲ ಗೊತ್ತು. ಫೆಸ್ಟಿನ ಕೊನೇ ದಿನ, ಗ್ರೌಂಡ್ ತುಂಬ ಜನ, ದೂರದಲ್ಲಿ ಬೆರಳಷ್ಟು ಎತ್ತರ ಕಾಣೋ ಗಾಯಕ, ಪಕ್ಕದಲ್ಲಿ ದೊಡ್ಡ ಎಲ್‌ಇಡಿ ಪರದೆ. ಮಾರನೇ ದಿನ ಗಂಟಲು ಕೂತಿರುತ್ತೆ, ಫೋನಿನ ಮೆಮೊರಿ ತುಂಬಿರುತ್ತೆ. ಅದರ ಬಗ್ಗೆ ಬರೆಯೋಕೆ ಹೊಸದೇನಿಲ್ಲ. ಈ ಲೇಖನ ಇನ್ನೊಂದು ಥರದ ರಾತ್ರಿಯ ಬಗ್ಗೆ: ಬೆಂಗಳೂರಿನ ಯಾವುದೋ ಕಟ್ಟಡದ ಮೂರನೇ ಮಹಡಿಯಲ್ಲಿ ನೂರು-ನೂರೈವತ್ತು ಜನ ನಿಂತರೆ ಕೈ ಆಡಿಸೋಕೂ ಜಾಗ ಸಾಲದ ಕೋಣೆ, ಒಂದಡಿ ಎತ್ತರದ ವೇದಿಕೆ, ಅದರ ಮೇಲೆ ನಮ್ಮೂರಿನದೇ ನಾಲ್ಕು ಜನ ತಮ್ಮದೇ ಹಾಡು ನುಡಿಸೋ ರಾತ್ರಿ.

ಇವತ್ತು ದೊಡ್ಡ ಹೆಸರಾಗಿರೋ ಬೆಂಗಳೂರಿನ ಬ್ಯಾಂಡುಗಳು ಪಳಗಿದ್ದು ಇಂಥ ಚಿಕ್ಕ ವೇದಿಕೆಗಳಲ್ಲೇ. ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ 1996ರಲ್ಲಿ ಕಾಲೇಜು ಹುಡುಗರು ಕಟ್ಟಿದ ಬ್ಯಾಂಡ್. ಹೆಸರೇ ಒಂದು ಪಿಜೆ: ಮೂವರು ಮಲಯಾಳಿಗಳು, ಇನ್ನೊಬ್ಬ ಕಾಲು ಭಾಗ ಮಲಯಾಳಿ, ಅದೇ 'ಥ್ರೀ ಮಲ್ ಆ್ಯಂಡ್ ಎ ಕ್ವಾರ್ಟರ್'. (ಬ್ರಾಂಚ್ ವಾಟ್ಸಾಪ್ ಗ್ರೂಪಿಗೆ ನಾವಿಡೋ ಹೆಸರುಗಳ ಮಟ್ಟದ್ದೇ, ಆದರೆ ಉಳಿದುಕೊಂಡಿತು.) 1998ರ ಕ್ರಿಪ್ಟೋಸ್ ಹೆವಿ ಮೆಟಲ್ ಹಿಡಿದುಕೊಂಡು 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದವರೆಗೆ ಹೋಯಿತು. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ಪದಗಳನ್ನ ಗಿಟಾರ್, ಪಿಟೀಲು, ಡ್ರಮ್ಸ್ ಜೊತೆ ಹಾಡಿದರು. ಅವರ ತಮ್ಮ ವಾಸು ದೀಕ್ಷಿತ್ ಅವರ ಸ್ವರಾತ್ಮ 2009ರಲ್ಲಿ ಮೊದಲ ಆಲ್ಬಮ್ ತಂದಿತು. ಇವರ್ಯಾರೂ ನೇರವಾಗಿ ದೊಡ್ಡ ಮೈದಾನಕ್ಕೆ ಬಂದವರಲ್ಲ. ಕೇಳುಗರು ಐದಡಿ ದೂರದಲ್ಲಿ ನಿಂತು, ಹಾಡು ಹಿಡಿಸದಿದ್ರೆ ಮುಲಾಜಿಲ್ಲದೆ ಬೆನ್ನು ತಿರುಗಿಸಿ ಮಾತಾಡೋ ಜಾಗಗಳಲ್ಲಿ ವರ್ಷಗಟ್ಟಲೆ ನುಡಿಸಿದವರು.

ಆದರೆ ಆ ಜಾಗಗಳಿಗೆ ಆಯಸ್ಸು ಕಮ್ಮಿ. ಇಂದಿರಾನಗರದ ಕೈರಾ ಮುಚ್ಚಿತು. ಅದೇ ಇಂದಿರಾನಗರದಲ್ಲಿ 2013ರಲ್ಲಿ ಶುರುವಾದ ಹಮ್ಮಿಂಗ್ ಟ್ರೀ, ಊರಿನ ಹೊಸ ಬ್ಯಾಂಡುಗಳಿಗೆಲ್ಲ ಮನೆ ಥರ ಇದ್ದದ್ದು, 2019ರಲ್ಲಿ ಬಾಗಿಲು ಹಾಕಿತು. ವೈಟ್‌ಫೀಲ್ಡಿನ ಕೌಂಟರ್‌ಕಲ್ಚರ್ ಕೂಡ ಹೋಯಿತು. ನಮ್ಮ ಸೀನಿಯರ್ಸ್ ಹೇಳೋ ಕಥೆಗಳಲ್ಲಿ ಬರೋ ಅರ್ಧ ಜಾಗಗಳು ಈಗ ಬೇರೆ ಏನೋ ಆಗಿವೆ. ಯಾಕೆ ಹೀಗೆ? ಬಾಡಿಗೆ ಒಂದು ಕಾರಣ ಅನ್ನೋದು ಎಲ್ಲರಿಗೂ ಹೊಳೆಯುತ್ತೆ. ಉಳಿದ ಎರಡು ಕಾರಣ ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಕಾನೂನಿನದು, ಇನ್ನೊಂದು ಭೌತಶಾಸ್ತ್ರದ್ದು. ಎರಡಕ್ಕೂ ಒಳಗೊಳಗೇ ನಂಟಿದೆ.

ಮೊದಲು ಕಾನೂನು. ಮನೆಯಲ್ಲಿ 'ಲೈವ್ ಬ್ಯಾಂಡ್ ನೋಡೋಕೆ ಹೋಗ್ತಿದೀನಿ' ಅಂತ ಅಪ್ಪನಿಗೆ ಹೇಳಿ ನೋಡಿ, ಅವರ ಮುಖ ಬದಲಾದ್ರೆ ಅದಕ್ಕೆ ಕಾರಣ ಇದೆ. 2000ದ ದಶಕದ ಬೆಂಗಳೂರಲ್ಲಿ 'ಲೈವ್ ಬ್ಯಾಂಡ್' ಅಂದ್ರೆ ಗಿಟಾರ್-ಡ್ರಮ್ಸ್ ಅಲ್ಲ. ಹೆಣ್ಮಕ್ಕಳು ಹಾಡಿ ಕುಣಿಯೋ ಬಾರುಗಳನ್ನ ಜನ ಹಾಗೆ ಕರೀತಿದ್ರು. ಪೇಪರಿನಲ್ಲಿ ಬರ್ತಿದ್ದ 'ಲೈವ್ ಬ್ಯಾಂಡ್ ಮೇಲೆ ಪೊಲೀಸ್ ದಾಳಿ' ಅನ್ನೋ ಸುದ್ದಿಗಳೆಲ್ಲ ಅವುಗಳದ್ದು. ಅಂಥ ಜಾಗಗಳನ್ನ ಹದ್ದುಬಸ್ತಿನಲ್ಲಿಡೋಕೆ 2005ರಲ್ಲಿ ಬೆಂಗಳೂರು ನಗರಕ್ಕೆ ಅಂತಲೇ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಆದೇಶ ಬಂತು. ಕ್ಯಾಬರೆ, ಡಿಸ್ಕೋ, ಲೈವ್ ಬ್ಯಾಂಡ್ ಸಂಗೀತ ಎಲ್ಲ ಒಂದೇ ಬುಟ್ಟಿಗೆ ಬಿದ್ದವು. ಕೋರ್ಟು, ಅಪೀಲು ಅಂತ ವರ್ಷಗಳು ಕಳೆದು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನ ಎತ್ತಿ ಹಿಡಿಯಿತು. ಅದೇ ವರ್ಷ ಪೊಲೀಸರು ನೋಟಿಸ್ ಕೊಡೋಕೆ ಶುರು ಮಾಡಿದಾಗ, ಮೂಲೆಯಲ್ಲಿ ಒಬ್ಬ ಹುಡುಗ ಅಕೌಸ್ಟಿಕ್ ಗಿಟಾರ್ ಹಿಡಿದು ಹಾಡೋ ರೆಸ್ಟೋರೆಂಟುಗಳೂ ಸಂಗೀತ ನಿಲ್ಲಿಸಿದವು. ಪರವಾನಗಿಗೆ ಕಟ್ಟಡದ ಸ್ವಾಧೀನ ಪ್ರಮಾಣಪತ್ರ, ಅಗ್ನಿಶಾಮಕ ದಳದ ಒಪ್ಪಿಗೆ ಎಲ್ಲ ಬೇಕು. ಬೆಂಗಳೂರಿನ ಎಷ್ಟು ಕಟ್ಟಡಗಳಿಗೆ ಇವೆರಡೂ ಸರಿಯಾಗಿರುತ್ತೆ ಅಂತ ಸಿವಿಲ್ ಬ್ರಾಂಚಿನ ಗೆಳೆಯರನ್ನ ಕೇಳಿ, ನಗ್ತಾರೆ.

ಬೆಂಕಿಯ ಸುರಕ್ಷತೆ ಬೇಡ ಅಂತ ನಾವು ಹೇಳ್ತಿಲ್ಲ. ಒಂದೇ ಮೆಟ್ಟಿಲಿರೋ ಮೂರನೇ ಮಹಡಿಯಲ್ಲಿ ನೂರೈವತ್ತು ಜನ ಅಂದ್ರೆ ನಮಗೂ ಹೆದರಿಕೆಯೇ. ನಮ್ಮ ತಕರಾರು ಇಷ್ಟೆ: ಹಾಡು ಬರೆದು ನುಡಿಸೋನನ್ನ ಯಾವ ಸಾಲಿನಲ್ಲಿ ನಿಲ್ಲಿಸ್ತೀರಿ ಅನ್ನೋದು. ನಾಟಕಕ್ಕೆ ಈ ಊರಲ್ಲಿ 2004ರಿಂದ ರಂಗಶಂಕರ ಇದೆ, ಶಾಸ್ತ್ರೀಯ ಸಂಗೀತಕ್ಕೆ ಸಭಾಗಳಿವೆ, ರಾಮೋತ್ಸವದ ಚಪ್ಪರಗಳಿವೆ. ಸ್ವಂತ ಹಾಡು ಕಟ್ಟೋ ಬ್ಯಾಂಡಿಗೆ ಮಾತ್ರ ಬಾರೇ ಗತಿ.

ಈಗ ಭೌತಶಾಸ್ತ್ರ. ಇದನ್ನ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದ್ರೆ ಇದು ನಮ್ಮ ಏರಿಯಾ.

ಚಿಕ್ಕ ಕೋಣೆಯಲ್ಲಿ ಸದ್ದಿನ ಮಟ್ಟ ತೀರ್ಮಾನ ಮಾಡೋದು ಮಿಕ್ಸರ್ ಹಿಂದೆ ಕೂತಿರೋ ಸೌಂಡ್ ಎಂಜಿನಿಯರ್ ಅಲ್ಲ, ಡ್ರಮ್ಮರ್. ಸ್ನೇರ್ ಡ್ರಮ್ಮಿಗೆ ವಾಲ್ಯೂಮ್ ಗುಂಡಿ ಇಲ್ಲ. ಹತ್ತಿರದಿಂದ ಅದು ಸಲೀಸಾಗಿ 100 ಡೆಸಿಬೆಲ್ ದಾಟುತ್ತೆ. ಅದರ ಮೇಲೆ ಗಿಟಾರ್ ಕೇಳಬೇಕು, ಗಿಟಾರಿನ ಮೇಲೆ ಮಾತು ಕೇಳಬೇಕು. ಹಾಡುಗಾರನ ಮೈಕ್ ಜೋರು ಮಾಡ್ತಾ ಹೋದ್ರೆ, ಅವನ ಮುಂದೆ ನೆಲದ ಮೇಲಿರೋ ಮಾನಿಟರ್ ಸ್ಪೀಕರಿನ ಸದ್ದು ಮತ್ತೆ ಅದೇ ಮೈಕಿಗೆ ಹೋಗುತ್ತೆ. ಲೂಪ್ ಗೇನ್ ಒಂದನ್ನ ಮುಟ್ಟಿದ ತಕ್ಷಣ, ಫೇಸ್ ಹೊಂದಿಕೆಯಾದ ಫ್ರೀಕ್ವೆನ್ಸಿಯಲ್ಲಿ 'ಕುಂಯ್' ಅಂತ ಕಿರುಚುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಲ್ಲಿ ಬೋರ್ಡ್ ಮೇಲೆ ನೋಡಿ ಆಕಳಿಸಿದ ಪಾಸಿಟಿವ್ ಫೀಡ್‌ಬ್ಯಾಕ್ ಇದೇ. ಸಂಜೆ ಐದಕ್ಕೆ ಹೋದ್ರೆ ಸೌಂಡ್ ಎಂಜಿನಿಯರ್ ಬೇಕಂತಲೇ ಮೈಕನ್ನ ಕಿರುಚಿಸಿ, ಯಾವ ಫ್ರೀಕ್ವೆನ್ಸಿ ಅಂತ ಕಿವಿಯಲ್ಲೇ ಹಿಡಿದು, ಈಕ್ವಲೈಜರಿನಲ್ಲಿ ಅಷ್ಟನ್ನೇ ಇಳಿಸೋದನ್ನ ನೋಡಬಹುದು. ಒಳ್ಳೇ ಎಂಜಿನಿಯರ್ ಆದ್ರೆ ಮಿನಿಟುಗಳಲ್ಲಿ ಮುಗಿಸ್ತಾರೆ. ನಮಗೆ ಇದು ಎಷ್ಟೋ ಲ್ಯಾಬುಗಳಿಗಿಂತ ಒಳ್ಳೇ ಲ್ಯಾಬ್ ಅನಿಸಿದೆ.

ಅಷ್ಟು ಮಾಡಿದ ಸೌಂಡ್ ಚೆಕ್ಕೂ ರಾತ್ರಿ ಒಂಬತ್ತಕ್ಕೆ ಅರ್ಧ ಸುಳ್ಳಾಗುತ್ತೆ. ಜನ ತುಂಬ್ತಾರಲ್ಲ, ಮನುಷ್ಯರ ಮೈ-ಬಟ್ಟೆ ಒಳ್ಳೇ ಸ್ಪಂಜು ಇದ್ದಂಗೆ. ಮೇಲಿನ ಫ್ರೀಕ್ವೆನ್ಸಿಗಳನ್ನ ಹೀರಿಕೊಂಡು ಬಿಡ್ತವೆ. ಖಾಲಿ ಕೋಣೆಯಲ್ಲಿ ಚುರುಕಾಗಿ ಕೇಳ್ತಿದ್ದದ್ದು ತುಂಬಿದ ಕೋಣೆಯಲ್ಲಿ ಮಂಕಾಗುತ್ತೆ. ಅದಕ್ಕೇ ಮೊದಲ ಎರಡು ಹಾಡು ಯಾವಾಗಲೂ ಸ್ವಲ್ಪ ಗಲಿಬಿಲಿ, ಮೂರನೇ ಹಾಡಿಗೆ ಸರಿಹೋಗುತ್ತೆ. ತಡವಾಗಿ ಬಂದು 'ಸೌಂಡ್ ಚೆನ್ನಾಗಿತ್ತು ಮಗಾ' ಅನ್ನೋರಿಗೆ ಇದು ಗೊತ್ತಾಗಲ್ಲ.

ಬಾಸ್ ವಿಷಯ ಬೇರೆ. 40 ಹರ್ಟ್ಸ್ ಅಲೆಯ ಉದ್ದ ಸುಮಾರು 8.6 ಮೀಟರ್. ಅಂದ್ರೆ ಕೋಣೆಯ ಅಳತೆಯಷ್ಟೇ. ಗೋಡೆಯಿಂದ ಗೋಡೆಗೆ ಬಡಿದು ನಿಂತ ಅಲೆ ಹುಟ್ಟಿ, ಒಂದು ಕಡೆ ನಿಂತ್ರೆ ಎದೆ ನಡುಗುತ್ತೆ, ಎರಡು ಹೆಜ್ಜೆ ಆಚೆ ಬಾಸ್ ಇಲ್ಲವೇ ಇಲ್ಲ ಅನಿಸುತ್ತೆ. (ಗೋಡೆಗೆ ಒರಗಿ ನಿಂತವರಿಗೆ ಬಾಸ್ ಜಾಸ್ತಿ. ಸಾಧ್ಯವಾದ್ರೆ ಮಿಕ್ಸರ್ ಹತ್ತಿರ ನಿಲ್ಲಿ, ಎಂಜಿನಿಯರ್ ತನ್ನ ಕಿವಿಗೆ ಸರಿ ಮಾಡಿಕೊಂಡಿರೋದು ಅಲ್ಲಿಗೇ.) ಇನ್ನು ಗೋಡೆ ತಡೆಯೋ ಲೆಕ್ಕ. ಮಾಸ್ ಲಾ ಪ್ರಕಾರ, ಕಾಗದದ ಮೇಲೆ, ಫ್ರೀಕ್ವೆನ್ಸಿ ಎರಡು ಪಟ್ಟಾದರೆ ಗೋಡೆ 6 ಡೆಸಿಬೆಲ್ ಜಾಸ್ತಿ ತಡೆಯುತ್ತೆ. ತಿರುಗಿಸಿ ಓದಿದ್ರೆ, ಕೆಳಗೆ ಹೋದಷ್ಟೂ ಗೋಡೆ ಕೈಬಿಡುತ್ತೆ. ಹಾಡುಗಾರನ ದನಿ ಒಳಗೇ ಉಳಿಯುತ್ತೆ, ಕಿಕ್ ಡ್ರಮ್ಮಿನ 'ಧುಂ ಧುಂ' ಮಾತ್ರ ಹಿಂದಿನ ಬೀದಿಯ ಮನೆಯ ಮಂಚದವರೆಗೆ ಹೋಗುತ್ತೆ.

ಇಲ್ಲಿ ಕಾನೂನು ಮತ್ತೆ ಒಳಗೆ ಬರುತ್ತೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ ಮಿತಿ 45 ಡೆಸಿಬೆಲ್, ವಾಣಿಜ್ಯ ಪ್ರದೇಶದಲ್ಲಿ 55. ಖಾಸಗಿ ಜಾಗದ ಗಡಿಯಲ್ಲಿ ಸದ್ದು ಈ ಮಿತಿಗಿಂತ 5 ಡೆಸಿಬೆಲ್ ಮೇಲೆ ಹೋಗೋ ಹಾಗಿಲ್ಲ. ಇಂದಿರಾನಗರ, ಕೋರಮಂಗಲದಂಥ ಬಡಾವಣೆಗಳಲ್ಲಿ ಮುಖ್ಯರಸ್ತೆಗೆ ಪಬ್, ಅದರ ಬೆನ್ನಿಗೇ ನಿವೃತ್ತರ ಮನೆ. ಎಲ್ಲಿ ಮುಗೀತು ವಾಣಿಜ್ಯ, ಎಲ್ಲಿ ಶುರುವಾಯ್ತು ವಸತಿ? ಅದಕ್ಕಿಂತ ಮಜಾ ಅಂದ್ರೆ ಮೀಟರಿನದು. ಈ ಮಿತಿಗಳೆಲ್ಲ 'ಎ' ತೂಕದ ಡೆಸಿಬೆಲ್‌ನಲ್ಲಿವೆ. ಮನುಷ್ಯನ ಕಿವಿ ಕೆಳ ಫ್ರೀಕ್ವೆನ್ಸಿಗಳನ್ನ ಕಡಿಮೆ ಕೇಳುತ್ತೆ ಅಂತ ಆ ಮೀಟರ್ 63 ಹರ್ಟ್ಸಿನಲ್ಲಿ ಸುಮಾರು 26, 40 ಹರ್ಟ್ಸಿನಲ್ಲಿ ಸುಮಾರು 35 ಡೆಸಿಬೆಲ್ ಕಳೆದುಬಿಡುತ್ತೆ. ಗೋಡೆ ದಾಟಿ ಹೋಗೋದೇ ಬಾಸ್, ಮೀಟರ್ ಲೆಕ್ಕಕ್ಕೆ ಹಿಡಿಯದೇ ಇರೋದೂ ಬಾಸೇ! ಮಾಲೀಕ ಮೀಟರ್ ಹಿಡಿದು 'ನೋಡಿ ಸ್ವಾಮಿ, ಮಿತಿಯೊಳಗೇ ಇದೆ' ಅಂತಾರೆ. ಹಿಂದಿನ ಮನೆಯ ಅಜ್ಜಿ 'ಎದೆ ಹೊಡ್ಕೊಳ್ತಿದೆ ಕಣಪ್ಪ' ಅಂತಾರೆ. ಇಬ್ಬರೂ ನಿಜ ಹೇಳ್ತಿದಾರೆ. ಪೊಲೀಸಿನವರು ಬಂದಾಗ ಮೀಟರ್ ಯಾರೂ ನೋಡಲ್ಲ, ಬಾಗಿಲು ಹಾಕಿಸ್ತಾರೆ.

ಪರಿಹಾರ ಇಲ್ಲ ಅಂತಲ್ಲ. ಕೋಣೆಯೊಳಗೊಂದು ಕೋಣೆ ಕಟ್ಟಿ, ಎರಡು ಗೋಡೆಗಳ ಮಧ್ಯೆ ಗಾಳಿ ಬಿಟ್ಟು, ವೇದಿಕೆಯನ್ನ ರಬ್ಬರ್ ಮೇಲೆ ಕೂರಿಸಿ, ತಲೆಬಾಗಿಲಿಗೆ ಜೋಡಿ ಬಾಗಿಲು ಇಟ್ಟರೆ ಬಾಸ್ ಕೂಡ ತಗ್ಗುತ್ತೆ. ಗೋಡೆಗೆ ಅಂಟಿಸೋ ಮೊಟ್ಟೆ ಟ್ರೇ ಆಕಾರದ ಫೋಮಿನಿಂದ ಆಗಲ್ಲ. ಅದು ಒಳಗಿನ ಪ್ರತಿಧ್ವನಿ ತಗ್ಗಿಸುತ್ತೆ ಅಷ್ಟೆ, ಹೊರಗೆ ಹೋಗೋದನ್ನ ತಡೆಯಲ್ಲ. ಈ ಎರಡನ್ನ ಬೆರೆಸಿ ಮಾತಾಡೋರು ಎಷ್ಟು ಜನ ಅಂದ್ರೆ, ಒಂದು ಮೆಕ್ಯಾನಿಕಲ್ ಮಿನಿ ಪ್ರಾಜೆಕ್ಟ್ ಮಾಡಿ ತೋರಿಸಬೇಕು. ಆದರೆ ಸರಿಯಾದ ನಿರೋಧಕಕ್ಕೆ ದುಡ್ಡು ಬೇಕು, ಮೂರು ವರ್ಷದ ಬಾಡಿಗೆ ಕರಾರಿನ ಜಾಗಕ್ಕೆ ಯಾರು ಸುರಿತಾರೆ?

ದುಡ್ಡಿನ ಮಾತು ಬಂತಲ್ಲ, ಬೇಗ ಮುಗಿಸಿಬಿಡೋಣ. ಲೆಕ್ಕಕ್ಕೆ ಅಂತ ಇಟ್ಕೊಳ್ಳಿ: 100 ಜನ, ತಲೆಗೆ 400 ರೂಪಾಯಿ ಟಿಕೆಟ್, 40,000 ಆಯ್ತು. ಬ್ಯಾಂಡಿಗೆ ಮುಕ್ಕಾಲು ಪಾಲು ಸಿಕ್ಕಿತು ಅಂದ್ರೂ 30,000. ಐದು ಜನ, ಒಬ್ಬ ಸೌಂಡ್ ಎಂಜಿನಿಯರ್, ಸಾಮಾನು ಸಾಗಿಸೋಕೆ ಟೆಂಪೊ, ಮೂರು ದಿನದ ರಿಹರ್ಸಲ್ ಕೋಣೆ ಬಾಡಿಗೆ. ಉಳಿಯೋದು ಎಷ್ಟು ಅಂತ ನೀವೇ ಕಳೆದು ನೋಡಿ. ಕ್ಲಬ್ಬಿನವರಿಗೆ ಲಾಭ ಟಿಕೆಟ್ಟಿನಲ್ಲಲ್ಲ, ಬಿಯರಿನಲ್ಲಿ. ಜನ ಕಣ್ಮುಚ್ಚಿ ಹಾಡು ಕೇಳ್ತಾ ನಿಂತ್ರೆ ಬಿಲ್ ಏರಲ್ಲ, ಗೊತ್ತಿರೋ ಹಾಡಿಗೆ ಕೂಗಿ ಕುಣಿದ್ರೆ ಏರುತ್ತೆ. ಹಾಗಾಗಿ ಶುಕ್ರವಾರ-ಶನಿವಾರ ಕವರ್ ಬ್ಯಾಂಡಿಗೆ, ಸ್ವಂತ ಹಾಡಿನವರಿಗೆ ಬುಧವಾರ-ಗುರುವಾರ. ಕನ್ನಡದಲ್ಲಿ ಸ್ವಂತ ಹಾಡು ಕಟ್ಟೋರಿಗೆ? ರಾಜ್ಯೋತ್ಸವದ ತಿಂಗಳು. ನವೆಂಬರಿನಲ್ಲಿ ಫೋನ್ ಮೇಲೆ ಫೋನ್, ಡಿಸೆಂಬರಿನಲ್ಲಿ ಮೌನ. ನಮ್ಮ ಕನ್ನಡ ಸಂಘವೂ ನವೆಂಬರಿನಲ್ಲೇ ಎಲ್ಲರಿಗೂ ನೆನಪಾಗೋದು, ಆ ಮಾತು ಬೇರೆ.

ಕನ್ನಡದ ಹಾಡು ಚಿಕ್ಕ ಕೋಣೆಯಲ್ಲಿ ಕೇಳಿದಾಗ ಆಗೋದೊಂದಿದೆ. ಇಂಥದ್ದೊಂದು ಗುರುವಾರ ನಾವು ಏಳು ಜನ ಹೋಗಿದ್ವಿ. ಕೋಣೆಯಲ್ಲಿ ಒಟ್ಟು ಅರವತ್ತು ಜನ ಇದ್ದಿರಬಹುದು, ಅರ್ಧಕ್ಕರ್ಧ ಕನ್ನಡ ಬಾರದವರು. ಬ್ಯಾಂಡು ಇಂಗ್ಲಿಷಿನಲ್ಲಿ ನಾಲ್ಕು ಹಾಡು ಹಾಡಿ, ಐದನೆಯದಕ್ಕೆ ಒಂದು ತತ್ವಪದ ತಗೊಂಡ್ರು. ಅಲ್ಲಿಯವರೆಗೆ ಬಾರ್ ಕಡೆ ಮುಖ ಮಾಡಿದ್ದ ಕೆಲವರು ತಿರುಗಿದ್ರು. ಬ್ರೆಡ್ ಆಮ್ಲೆಟ್ ತಂದುಕೊಡ್ತಿದ್ದ ಹುಡುಗ, ಉತ್ತರ ಕರ್ನಾಟಕದ ಕಡೆಯವನು, ಟ್ರೇ ಕೆಳಗಿಟ್ಟು ಪೂರ್ತಿ ಪದ ಬ್ಯಾಂಡಿನ ಜೊತೆ ಹಾಡಿದ. ಅವನಿಗೆ ಬಂದಷ್ಟು ಸಾಲು ಗಾಯಕನಿಗೇ ಬರ್ತಿರಲಿಲ್ಲ. ಗಾಯಕ ನಗ್ತಾ ಮೈಕ್ ಅವನ ಕಡೆ ಹಿಡಿದ. ಹತ್ತಾಗ್ತಿದ್ದಂಗೆ ಮಾಲೀಕರು ಬಂದು ಕೈ ಕೆಳಗೆ ಮಾಡಿ ಸನ್ನೆ ಮಾಡಿದ್ರು, ಡ್ರಮ್ಮರ್ ಕೋಲು ಬದಿಗಿಟ್ಟು ಕೈಯಲ್ಲೇ ತಟ್ಟಿದ, ಕೊನೇ ಮೂರು ಹಾಡು ಹಾಗೇ ಮುಗೀತು. ಮೈದಾನದಲ್ಲಿ ಇದ್ಯಾವುದೂ ಆಗಲ್ಲ.

ಇನ್ನು ಹೋಗೋರಿಗೆ. ಬಾರ್ ಲೈಸೆನ್ಸ್ ಇರೋ ಕಡೆ ಬಾಗಿಲಲ್ಲಿ ಸಾಮಾನ್ಯವಾಗಿ 21 ಅಂತ ಕೇಳ್ತಾರೆ, ಗುರುತಿನ ಚೀಟಿ ನೋಡ್ತಾರೆ. ಅಂದ್ರೆ ನಮ್ಮಲ್ಲಿ ಮೂರನೇ ವರ್ಷದವರೆಗೂ ಬಹುಪಾಲು ಜನ ಹೊರಗೇ. ಸೀನಿಯರ್ ಐಡಿ ತಗೊಂಡು ಹೋಗೋ ಐಡಿಯಾ ಬೇಡ, ಸಿಕ್ಕಿಬಿದ್ರೆ ಲೈಸೆನ್ಸ್ ತೊಂದರೆ ಆ ಜಾಗಕ್ಕೇ. ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಮ್ಯೂಸಿಯಮ್ಮಿನಲ್ಲಿ ಆಗೋ ಕಛೇರಿಗಳಿಗೆ ಈ ತಾಪತ್ರಯ ಇಲ್ಲ. 1990ರ ದಶಕದಲ್ಲಿ ಶುರುವಾದ ಫ್ರೀಡಂ ಜ್ಯಾಮ್ ಆಗಸ್ಟ್ 15ರ ಆಸುಪಾಸಿನಲ್ಲಿ ಪುಕ್ಕಟೆ ನಡೆಯೋ ಸಂಗೀತ, ಹೊಸ ಬ್ಯಾಂಡುಗಳ ಸಾಲೇ ಇರುತ್ತೆ. 21 ಆದವರು ಜ್ಯಾಜ್ ಕೇಳೋ ಆಸೆ ಇದ್ರೆ ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ನೋಡಬಹುದು, ಜೇಬು ನೋಡಿಕೊಂಡು.

ಕಿವಿಗೆ ಇಯರ್‌ಪ್ಲಗ್ ತಗೊಂಡು ಹೋಗಿ, ನಾಚಿಕೆ ಬೇಡ, ಡ್ರಮ್ಮರುಗಳೇ ಹಾಕ್ಕೊಂಡಿರ್ತಾರೆ. 85 ಡೆಸಿಬೆಲ್ಲಿಗೆ ಎಂಟು ಗಂಟೆ ತಡೆಯೋ ಕಿವಿ, ಪ್ರತಿ 3 ಡೆಸಿಬೆಲ್ಲಿಗೆ ಅರ್ಧ ಮಾಡ್ತಾ ಬಂದ್ರೆ 100 ಡೆಸಿಬೆಲ್ಲಿಗೆ ಹದಿನೈದೇ ನಿಮಿಷ. ಮಾರನೇ ದಿನವೂ ಗುಂಯ್ ಅಂತಿದ್ರೆ ಅದು ಹೆಮ್ಮೆ ಪಡೋ ವಿಷಯ ಅಲ್ಲ. ಹತ್ತಿಯುಂಡೆ ಸಾಲದು. ಮೊದಲು ಬರೋ ಬ್ಯಾಂಡನ್ನೂ ಕೇಳಿ, ಪೋಸ್ಟರಿನಲ್ಲಿ ಚಿಕ್ಕ ಅಕ್ಷರದಲ್ಲಿರೋದು ಅವರ ಹೆಸರೇ. 'ಫ್ರೀ ಪಾಸ್ ಇದ್ಯಾ ಗುರು' ಅಂತ ಬ್ಯಾಂಡಿನ ಗೆಳೆಯನಿಗೆ ಮೆಸೇಜ್ ಹಾಕಬೇಡಿ. ಮೇಲಿನ 30,000ದ ಲೆಕ್ಕ ಇನ್ನೊಂದು ಸಲ ಓದಿ.

ನೇರಳೆ ಮಾರ್ಗದ ಕೊನೇ ಮೆಟ್ರೊ ಹನ್ನೊಂದರ ಸುಮಾರಿಗೆ. ಬ್ಯಾಂಡಿನವರು 'ಲಾಸ್ಟ್ ಸಾಂಗ್' ಅಂದಮೇಲೆ ಇನ್ನೆರಡು ಹಾಡು ಇದ್ದೇ ಇರುತ್ತೆ, ಅದನ್ನ ಸೇರಿಸಿ ಲೆಕ್ಕ ಹಾಕಿ. ಹಾಸ್ಟೆಲಿನವರು ವಾರ್ಡನ್ ಹತ್ತಿರ ಮೊದಲೇ ಬರೆಸಿ ಹೋಗಿ. ರಿಜಿಸ್ಟರಿನ 'ಕಾರಣ' ಅನ್ನೋ ಜಾಗದಲ್ಲಿ 'ಲೈವ್ ಬ್ಯಾಂಡ್' ಅಂತ ಮಾತ್ರ ಬರೀಬೇಡಿ, 'ಸಂಗೀತ ಕಛೇರಿ' ಅಂತ ಬರೀರಿ.