ಸೋನಿಕ್ ಓಡುತ್ತಾನೆ, ಆಟ ತಡೆಯುತ್ತದೆ

ತೊಂಬತ್ತರ ದಶಕದಲ್ಲಿ ಶಾಲೆಗೆ ಹೋಗುತ್ತಿದ್ದ ನಮ್ಮಂಥವರಿಗೆ ಟಿವಿ ಗೇಮ್ ಎಂದರೆ ಮಾರಿಯೋ. ಒಂದೇ ಕ್ಯಾಸೆಟ್ಟಿನಲ್ಲಿ ನೂರಾರು ಆಟಗಳಿವೆ ಎಂದು ಹೇಳಿ ಮಾರುತ್ತಿದ್ದ ಅಗ್ಗದ ಯಂತ್ರಗಳ ಜೊತೆ ಆ ಮೀಸೆಯ ಪ್ಲಂಬರ್ ಮನೆಮನೆಗೆ ಬಂದಿದ್ದ. ಅವನ ದೊಡ್ಡ ಪ್ರತಿಸ್ಪರ್ಧಿ ಸೋನಿಕ್ ನಮ್ಮಲ್ಲಿ ಹಲವರಿಗೆ ಸಿಕ್ಕಿದ್ದು ತಡವಾಗಿ: ಕಂಪ್ಯೂಟರಿನಲ್ಲಿ, ಆಮೇಲೆ ಮೊಬೈಲಿನಲ್ಲಿ, ಕೆಲವರಿಗೆ 2020ರಲ್ಲಿ ಬಂದ ಸಿನಿಮಾದಲ್ಲಿ. ಈಗ ಮಕ್ಕಳು ಸಿನಿಮಾ ನೋಡಿ ಬಂದು "ಇವನ ಗೇಮ್ ಇದೆಯಾ?" ಎಂದು ಕೇಳುತ್ತಾರೆ. ಇದೆ. ಮೂವತ್ತು ವರ್ಷಕ್ಕೂ ಹಳೆಯದಾದ ಆ ಮೊದಲ ಆಟ ಇಂದಿಗೂ ಆಡಲು ಸಿಗುತ್ತದೆ.

ಆದರೆ ಅದು ನಿಜಕ್ಕೂ ಚೆನ್ನಾಗಿದೆಯೇ, ಅಥವಾ ಹೆಸರಿನ ಬಲದಲ್ಲಿ ಉಳಿದಿದೆಯೇ? ಇಂಥ ಹಳೆಯ ಆಟಗಳ ಬಗ್ಗೆ ಮಾತು ಬಂದಾಗ ನಾವು ಎರಡೇ ರೀತಿ ಮಾತಾಡುತ್ತೇವೆ. ಒಂದೋ "ಆಗಿನ ಆಟಗಳ ಮುಂದೆ ಈಗಿನವು ಏನೂ ಅಲ್ಲ" ಎನ್ನುತ್ತೇವೆ, ಇಲ್ಲವೇ "ಆಗ ಬೇರೇನೂ ಇರಲಿಲ್ಲ, ಅದಕ್ಕೆ ಆಡುತ್ತಿದ್ದೆವು" ಎನ್ನುತ್ತೇವೆ. ಎರಡೂ ಮಾತು ಆಟವನ್ನು ನೋಡದೆ ಆಡಿದ ಮಾತು. ಕೂತು ಆಡಿ ನೋಡಿದರೆ ಸೋನಿಕ್ ಒಂದು ವಿಚಿತ್ರ ಆಟ. ಅದರ ಶಕ್ತಿ ಎಲ್ಲಿದೆಯೋ ದೌರ್ಬಲ್ಯವೂ ಅಲ್ಲಿಂದಲೇ ಹುಟ್ಟಿದೆ.

ಮೊಲ ಹೋಗಿ ಹೆಡ್ಜ್‌ಹಾಗ್ ಬಂತು

ಜಪಾನಿನ ಸೆಗಾ ಕಂಪನಿ 1988ರಲ್ಲಿ ಮೆಗಾ ಡ್ರೈವ್ ಎಂಬ ಗೇಮ್ ಯಂತ್ರವನ್ನು ಹೊರತಂದಿತು. ಅಮೆರಿಕದಲ್ಲಿ ಅದರ ಹೆಸರು ಜೆನೆಸಿಸ್. ಯಂತ್ರ ಚೆನ್ನಾಗಿತ್ತು, ಆದರೆ ಮಾರುಕಟ್ಟೆ ನಿಂಟೆಂಡೊ ಕೈಯಲ್ಲಿತ್ತು, ನಿಂಟೆಂಡೊ ಬಳಿ ಮಾರಿಯೋ ಇದ್ದ. ಸೆಗಾದ ಅಲೆಕ್ಸ್ ಕಿಡ್ ಎಂಬ ಪಾತ್ರ ಅವನ ಎದುರು ನಿಲ್ಲಲಿಲ್ಲ. ಕಂಪನಿಯ ಮುಖವಾಗಬಲ್ಲ ಹೊಸ ಪಾತ್ರವೊಂದು ಬೇಕಾಗಿತ್ತು.

ಪಾತ್ರದ ಚಿತ್ರ ಬರೆದವರು ನವೋಟೊ ಒಷಿಮಾ, ಪ್ರೋಗ್ರಾಂ ಬರೆದವರು ಯೂಜಿ ನಾಕಾ, ಹಂತಗಳನ್ನು ರೂಪಿಸಿದವರು ಹಿರೊಕಾಜು ಯಾಸುಹಾರಾ. ಮೊದಲು ಅವರ ಮನಸ್ಸಿನಲ್ಲಿದ್ದದ್ದು ಕಿವಿಗಳಿಂದ ವಸ್ತುಗಳನ್ನು ಎತ್ತಿ ಎಸೆಯುವ ಒಂದು ಮೊಲ. ಎತ್ತಬೇಕೆಂದರೆ ನಿಲ್ಲಬೇಕು, ನಿಂತರೆ ಓಟ ಕೆಡುತ್ತದೆ. ಓಡುತ್ತಲೇ ಎದುರಾಳಿಯನ್ನು ಬೀಳಿಸಬಲ್ಲ ಪ್ರಾಣಿ ಬೇಕು ಎಂದಾಗ ಹೆಡ್ಜ್‌ಹಾಗ್ ಬಂತು. ಇದು ನಮ್ಮ ಕಾಡಿನ ಮುಳ್ಳುಹಂದಿಯಲ್ಲ, ಅದಕ್ಕಿಂತ ಬಹಳ ಚಿಕ್ಕದು. ಅಪಾಯ ಕಂಡರೆ ಚೆಂಡಿನಂತೆ ಸುರುಳಿಯಾಗುತ್ತದೆ. ಆ ಸುರುಳಿಯೇ ಆಟದ ಬೀಜ. ಸೆಗಾ ಲೋಗೋದ ನೀಲಿ ಬಣ್ಣ, ಕೆಂಪು ಶೂ, ಸುಮ್ಮನೆ ನಿಲ್ಲಿಸಿದರೆ ನಮ್ಮತ್ತ ನೋಡಿ ಕಾಲು ಕುಟ್ಟುವ ಅಸಹನೆ ಎಲ್ಲ ಸೇರಿ 1991ರ ಜೂನ್‌ನಲ್ಲಿ ‘ಸೋನಿಕ್ ದಿ ಹೆಡ್ಜ್‌ಹಾಗ್’ ಅಮೆರಿಕದಲ್ಲಿ ಬಿಡುಗಡೆಯಾಯಿತು. ಮುಂದೆ ಸೆಗಾ ಅದನ್ನು ಯಂತ್ರದ ಜೊತೆಗೇ ಕೊಡತೊಡಗಿತು. ಮಾರಿಯೋಗಿಂತ ವೇಗದವನು ಎಂಬುದೇ ಅವನ ಗುರುತಾಯಿತು.

ಇಳಿಜಾರಿನ ಜಾಣ್ಮೆ

ಆಟದ ಮೊದಲ ಹಂತ ಗ್ರೀನ್ ಹಿಲ್ ಝೋನ್. ನಾವು ಬಾಲ್ಯದಲ್ಲಿ ಆಡಿದ ಮಾರಿಯೋದ ನೆಲ ಇಟ್ಟಿಗೆ ಜೋಡಿಸಿದಂತೆ ಚಪ್ಪಟೆ, ಎತ್ತರ ಬಂದರೆ ಮೆಟ್ಟಿಲು. ಗ್ರೀನ್ ಹಿಲ್‌ನ ನೆಲ ಏರು, ಇಳಿಜಾರು, ತಿರುವು, ಪೂರ್ತಿ ಒಂದು ಸುತ್ತು ಹಾಕುವ ಲೂಪ್. ಇಲ್ಲಿ ನೆಲದ ಪ್ರತಿ ತುಂಡಿಗೂ ಒಂದು ಕೋನ ಬರೆದಿಟ್ಟಿರುತ್ತದೆ. ಸೋನಿಕ್ ಯಾವ ಕೋನದ ಮೇಲಿದ್ದಾನೆ ಎಂಬುದನ್ನು ಆಟ ಕ್ಷಣಕ್ಷಣವೂ ನೋಡಿ ಅವನ ವೇಗವನ್ನು ಕೂಡುತ್ತದೆ ಅಥವಾ ಕಳೆಯುತ್ತದೆ. ಏರಿನಲ್ಲಿ ಓಡಿದರೆ ಏದುಸಿರು, ಇಳಿಜಾರಿನಲ್ಲಿ ಓಡಿದರೆ ಲಾಭ, ಇಳಿಜಾರಿನಲ್ಲಿ ಸುರುಳಿಯಾಗಿ ಉರುಳಿದರೆ ಇನ್ನೂ ಹೆಚ್ಚು ಲಾಭ. ಸಾಕಷ್ಟು ವೇಗವಿಲ್ಲದೆ ಲೂಪಿಗೆ ನುಗ್ಗಿದರೆ ಅರ್ಧಕ್ಕೆ ಹೋಗಿ ವಾಪಸ್ ಜಾರುತ್ತಾನೆ.

ಗೇರಿಲ್ಲದ ಸೈಕಲ್ಲಿನಲ್ಲಿ ಏರುತಗ್ಗಿನ ರಸ್ತೆ ದಾಟಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಮುಂದಿನ ಏರಿಗೆ ಬೇಕಾದ ಓಟವನ್ನು ಈ ಇಳಿಜಾರಿನಲ್ಲೇ ಸಂಪಾದಿಸಿಕೊಳ್ಳಬೇಕು, ನಡುವೆ ಬ್ರೇಕ್ ಹಾಕಿದರೆ ಎಲ್ಲ ಹೋಯಿತು. ಸಮತಟ್ಟಾದ ನೆಲದಲ್ಲಿ ನಿಂತಲ್ಲಿಂದ ಪೂರ್ಣ ವೇಗಕ್ಕೆ ಬರಲು ಸೋನಿಕ್‌ಗೆ ಎರಡು ಸೆಕೆಂಡಿಗೂ ತುಸು ಹೆಚ್ಚು ಬೇಕು. ಆ ಆಟದ ಲೆಕ್ಕದಲ್ಲಿ ಅದು ಬಹಳ ಹೊತ್ತು. ಹಾಗಾಗಿ ಇಲ್ಲಿ ವೇಗ ಬಟನ್ ಒತ್ತಿದರೆ ಸಿಗುವ ವಸ್ತುವಲ್ಲ, ಕೂಡಿಟ್ಟುಕೊಳ್ಳುವ ಉಳಿತಾಯ. ನನ್ನ ಪ್ರಕಾರ ಈ ಆಟದ ಅತಿ ದೊಡ್ಡ ಗುಣ ಇದೇ.

ಇದೆಲ್ಲ ನಡೆದದ್ದು 7.67 ಮೆಗಾಹರ್ಟ್ಸ್ ಪ್ರೊಸೆಸರ್ ಮತ್ತು 64 ಕೆಬಿ ಮೆಮೊರಿಯ ಯಂತ್ರದಲ್ಲಿ. ಇಡೀ ಆಟ, ಚಿತ್ರ ಸಂಗೀತ ಎಲ್ಲ ಸೇರಿ, 512 ಕೆಬಿ. ನಮ್ಮ ಫೋನಿನಲ್ಲಿ ತೆಗೆದ ಒಂದು ಫೋಟೋ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದಿರುತ್ತದೆ. ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮಂಥವರು ಒಮ್ಮೆ ಟೋಪಿ ತೆಗೆಯಬೇಕಾದ ಲೆಕ್ಕ ಅದು.

ಉಂಗುರದ ಕರುಣೆ

ಎರಡನೆಯ ಗುಣ ಸರಳತೆ. ನಿಯಂತ್ರಕದಲ್ಲಿ ಮೂರು ಬಟನ್ ಇವೆ, ಮೂರೂ ಮಾಡುವುದು ಒಂದೇ ಕೆಲಸ: ಜಿಗಿತ. ಚಿಕ್ಕ ಮಗುವಿಗೂ ವಿವರಿಸುವ ಅಗತ್ಯವಿಲ್ಲ.

ಮೂರನೆಯದು ಚಿನ್ನದ ಉಂಗುರಗಳು. ಕೈಯಲ್ಲಿ ಒಂದೇ ಒಂದು ಉಂಗುರವಿದ್ದರೂ ಪೆಟ್ಟು ತಿಂದ ಸೋನಿಕ್ ಸಾಯುವುದಿಲ್ಲ. ಉಂಗುರಗಳು ಚೆಲ್ಲಾಪಿಲ್ಲಿಯಾಗುತ್ತವೆ, ಕೆಲವೇ ಸೆಕೆಂಡುಗಳಲ್ಲಿ ಸಿಕ್ಕಷ್ಟನ್ನು ಬಾಚಿಕೊಂಡು ಮತ್ತೆ ಓಡಬಹುದು. ವೇಗವಾಗಿ ಓಡುವವನು ಎಡವುತ್ತಾನೆ ಎಂಬುದನ್ನು ಮೊದಲೇ ಊಹಿಸಿ ಮಾಡಿದ ವ್ಯವಸ್ಥೆ ಇದು. ತಪ್ಪಿಗೆ ದಂಡವಿದೆ, ಆದರೆ ಗಲ್ಲುಶಿಕ್ಷೆಯಿಲ್ಲ. ಆ ಕಾಲದ ಬಹುತೇಕ ಆಟಗಳಿಗೆ ಹೋಲಿಸಿದರೆ ಇದು ದೊಡ್ಡ ಮನಸ್ಸು.

ಜೊತೆಗೆ ಡ್ರೀಮ್ಸ್ ಕಮ್ ಟ್ರೂ ಎಂಬ ಜಪಾನಿ ಬ್ಯಾಂಡಿನ ಮಸಾಟೊ ನಾಕಮುರಾ ಅವರ ಸಂಗೀತ. ಗ್ರೀನ್ ಹಿಲ್‌ನ ರಾಗ ಒಮ್ಮೆ ಕೇಳಿದವರ ಕಿವಿಯಿಂದ ಬೇಗ ಹೋಗುವುದಿಲ್ಲ. ಕತೆ ಚಿಕ್ಕದು: ಡಾಕ್ಟರ್ ಎಗ್‌ಮ್ಯಾನ್ ಪ್ರಾಣಿಗಳನ್ನು ಹಿಡಿದು ರೋಬೋಗಳೊಳಗೆ ತುಂಬುತ್ತಾನೆ, ಸೋನಿಕ್ ಬಿಡಿಸುತ್ತಾನೆ. ಒಂದು ರೋಬೋ ಒಡೆದಾಗ ಒಳಗಿಂದ ಒಂದು ಮೊಲವೋ ಹಕ್ಕಿಯೋ ಹೊರಬಂದು ಓಡಿಹೋಗುತ್ತದೆ. ಮಕ್ಕಳಿಗೆ ಒಂದು ಮಾತೂ ಹೇಳದೆ ಎಲ್ಲ ತಿಳಿಯುತ್ತದೆ.

ಕಣ್ಣಿಗೆ ಕಾಣದ ಗೋಡೆ

ಇನ್ನು ದೋಷಗಳಿಗೆ ಬರೋಣ. ಮೊದಲನೆಯದನ್ನು ಲೆಕ್ಕ ಹಾಕಿಯೇ ತೋರಿಸಬಹುದು. ಆಟದ ಪರದೆಯ ಅಗಲ 320 ಪಿಕ್ಸೆಲ್. ಸಮತಟ್ಟು ನೆಲದಲ್ಲಿ ಸೋನಿಕ್‌ನ ಗರಿಷ್ಠ ಓಟ ಒಂದು ಫ್ರೇಮಿಗೆ 6 ಪಿಕ್ಸೆಲ್, ಸೆಕೆಂಡಿಗೆ 60 ಫ್ರೇಮ್. ಅಂದರೆ ಸೆಕೆಂಡಿಗೆ 360 ಪಿಕ್ಸೆಲ್, ಒಂದು ಪೂರ್ಣ ಪರದೆಗಿಂತಲೂ ಹೆಚ್ಚು. ಅವನು ಹೆಚ್ಚುಕಡಿಮೆ ಪರದೆಯ ನಡುವೆ ಇರುವುದರಿಂದ ಅವನ ಮುಂದೆ ಕಾಣುವುದು ಸುಮಾರು 160 ಪಿಕ್ಸೆಲ್ ಮಾತ್ರ. ಎದುರಿಗೆ ಮುಳ್ಳು ಕಂಡ ಮೇಲೆ ನಮಗಿರುವ ಸಮಯ ಅರ್ಧ ಸೆಕೆಂಡಿಗೂ ಕಡಿಮೆ. ಇಳಿಜಾರಿನಲ್ಲಿ ಉರುಳುವಾಗ ಅದೂ ಇಲ್ಲ.

ಪರಿಣಾಮ ಏನು? ಮೊದಲ ಸಲ ಆಡುವವರು ಓಡಿದರೆ ಪೆಟ್ಟು ತಿನ್ನುತ್ತಾರೆ, ಪೆಟ್ಟು ತಿಂದು ನಿಧಾನ ಕಲಿಯುತ್ತಾರೆ. ಓಡಬೇಕೆಂದರೆ ದಾರಿ ಬಾಯಿಪಾಠ ಆಗಿರಬೇಕು. ಬಾಯಿಪಾಠ ಆದವರಿಗೆ ಈ ಆಟ ಅದ್ಭುತ, ಹೊಸಬರಿಗೆ ಮೋಸ.

ಎರಡನೆಯ ದೋಷ ಹಂತಗಳ ರಚನೆಯಲ್ಲಿದೆ. ಒಟ್ಟು ಆರು ಝೋನ್, ಪ್ರತಿಯೊಂದರಲ್ಲಿ ಮೂರು ಆಕ್ಟ್, ಕೊನೆಗೆ ಫೈನಲ್ ಝೋನ್. ಗ್ರೀನ್ ಹಿಲ್ ಮುಗಿಯುತ್ತಿದ್ದಂತೆ ಬರುವುದು ಮಾರ್ಬಲ್ ಝೋನ್. ಅಲ್ಲಿ ಇಳಿಜಾರುಗಳು ಹೆಚ್ಚುಕಡಿಮೆ ಮಾಯ. ಚೌಕಾಕಾರದ ಕಲ್ಲು ತಳ್ಳು, ಲಾವಾದ ಮೇಲೆ ತೇಲುವ ಕಲ್ಲಿನ ಮೇಲೆ ನಿಲ್ಲು, ಮೇಲೆ ಕೆಳಗೆ ಆಡುವ ಕಂಬ ಎತ್ತರಕ್ಕೆ ಹೋಗುವವರೆಗೆ ಕಾಯಿ. ನಮ್ಮ ಮನೆಯಲ್ಲಿ ಒಂಬತ್ತು ವರ್ಷದ ಮಗಳು ಗ್ರೀನ್ ಹಿಲ್ ಅನ್ನು ಒಂದೇ ಸಮನೆ ನಾಲ್ಕು ಸಲ ಆಡಿದಳು. ಇಳಿಜಾರಿನಲ್ಲಿ ಕೆಳಗಿನ ಬಾಣ ಒತ್ತಿದರೆ ವೇಗ ಹೆಚ್ಚುತ್ತದೆ ಎಂಬುದನ್ನು ಯಾರೂ ಹೇಳದೆ ಕಂಡುಕೊಂಡಳು. ಮಾರ್ಬಲ್‌ಗೆ ಬಂದು ಎರಡು ನಿಮಿಷಕ್ಕೆ ಕೇಳಿದಳು: "ಅಪ್ಪಾ, ಇವನು ಯಾಕೆ ನಿಂತ?" ಮುಂಬೈಯಲ್ಲಿ ಫಾಸ್ಟ್ ಎಂದು ನಂಬಿ ಹತ್ತಿದ ಲೋಕಲ್ ಪ್ರತಿ ಸ್ಟೇಷನ್ನಿನಲ್ಲೂ ನಿಲ್ಲತೊಡಗಿದರೆ ಆಗುವ ಕಸಿವಿಸಿ ಅದು.

ನೀರಿನ ಹಂತಕ್ಕೊಂದು ಸಮರ್ಥನೆ

ನಿಧಾನವೂ ಬೇಕು, ಬರೀ ಓಟವಾದರೆ ಬೇಸರ ಎಂದು ಆಟದ ಅಭಿಮಾನಿಗಳು ವಾದಿಸುತ್ತಾರೆ. ಅದರಲ್ಲಿ ಅರ್ಧ ಸತ್ಯವಿದೆ. ನಿಧಾನವಾಗಿರುವುದೇ ದೋಷವಾದರೆ ಹೆಚ್ಚು ಬೈಗುಳ ತಿನ್ನಬೇಕಾದ್ದು ನಾಲ್ಕನೆಯದಾದ ಲ್ಯಾಬಿರಿಂತ್ ಝೋನ್. ತಿನ್ನುವುದೂ ಅದೇ. ಅಲ್ಲಿ ಸೋನಿಕ್ ಬಹುಪಾಲು ನೀರಿನಡಿಯಲ್ಲಿ ಕಾಲೆಳೆಯುತ್ತಾನೆ. ಸುಮಾರು ಅರ್ಧ ನಿಮಿಷದೊಳಗೆ ಗಾಳಿಗುಳ್ಳೆ ಸಿಗದಿದ್ದರೆ ಮುಳುಗುತ್ತಾನೆ. ಕೊನೆಯಲ್ಲಿ ಐದರಿಂದ ಕೆಳಗಿಳಿಯುವ ಅಂಕಿಗಳು, ಜೊತೆಗೆ ಎದೆಬಡಿತ ಹೆಚ್ಚಿಸುವ ಆ ಸಂಗೀತ. ಎಷ್ಟೋ ಜನ ದೊಡ್ಡವರಾದ ಮೇಲೂ ಅದನ್ನು ಕೇಳಿದರೆ ಬೆಚ್ಚುತ್ತಾರೆ.

ಆದರೂ ನನ್ನ ಮತ ಲ್ಯಾಬಿರಿಂತ್‌ಗೇ. ಅಲ್ಲಿ ನಾವು ಏನಾದರೂ ಮಾಡುತ್ತಿರುತ್ತೇವೆ: ಗುಳ್ಳೆ ಏಳುವ ಜಾಗ ಎಲ್ಲಿ, ಈಗ ಹೋಗಬೇಕೋ ಇನ್ನೊಂದು ಉಸಿರು ತೆಗೆದುಕೊಳ್ಳಬೇಕೋ, ಪ್ರತಿ ನಿರ್ಧಾರ ನಮ್ಮದು. ಮಾರ್ಬಲ್‌ನಲ್ಲಿ ಕಲ್ಲು ತೇಲಿ ದಡ ಸೇರುವವರೆಗೆ ಜಾಣನಿಗೂ ದಡ್ಡನಿಗೂ ಒಂದೇ ಹೊತ್ತು ಹಿಡಿಯುತ್ತದೆ. ಆಟಗಾರನ ಕೌಶಲಕ್ಕೆ ಬೆಲೆಯಿಲ್ಲದ ಆ ಕಾಯುವಿಕೆಯೇ ನಿಜವಾದ ದೋಷ. ಲ್ಯಾಬಿರಿಂತ್‌ನ ಇಕ್ಕಟ್ಟು ಮುಗಿಸಿ ಸ್ಟಾರ್ ಲೈಟ್ ಝೋನ್‌ನ ರಾತ್ರಿಯ ಬಯಲಿಗೆ ಬಂದಾಗ, ಮತ್ತೆ ಇಳಿಜಾರು ಸಿಕ್ಕಾಗ ಆಗುವ ಬಿಡುಗಡೆ ಆ ಇಕ್ಕಟ್ಟಿಲ್ಲದೆ ಆಗುತ್ತಿರಲಿಲ್ಲ.

ಆಟಕ್ಕೇ ಗೊತ್ತಿಲ್ಲದ ಮನಸ್ಸು

ಮೂರನೆಯ ದೋಷದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಒಂದು ಆಕ್ಟನ್ನು 30 ಸೆಕೆಂಡಿನೊಳಗೆ ಮುಗಿಸಿದರೆ 50,000 ಬೋನಸ್ ಅಂಕ. ವೇಗಕ್ಕೆ ಬಹುಮಾನ, ಸರಿ. ಆದರೆ ಆಟದ ಒಳ್ಳೆಯ ಮುಕ್ತಾಯ ಕಾಣಬೇಕೆಂದರೆ ಆರು ಪಚ್ಚೆಗಳು ಬೇಕು. ಪಚ್ಚೆಯಿರುವ ವಿಶೇಷ ಹಂತಕ್ಕೆ ಹೋಗಲು ಆಕ್ಟಿನ ಕೊನೆಯಲ್ಲಿ ಕೈಯಲ್ಲಿ 50 ಉಂಗುರ ಉಳಿದಿರಬೇಕು. ಉಳಿಸಿಕೊಳ್ಳಬೇಕಾದರೆ ಪೆಟ್ಟು ತಿನ್ನಬಾರದು, ತಿನ್ನಬಾರದೆಂದರೆ ನೋಡಿಕೊಂಡು ನಡೆಯಬೇಕು. ಒಂದು ಕೈಯಿಂದ ಓಡು ಎಂದು ತಳ್ಳಿ, ಇನ್ನೊಂದು ಕೈಯಿಂದ ಅಂಗಿ ಹಿಡಿದು ಎಳೆದಂತೆ. ಪಚ್ಚೆಗಳಿಲ್ಲದೆ ಮುಗಿಸಿದರೆ ಎಗ್‌ಮ್ಯಾನ್ ಅವುಗಳನ್ನು ಕೈಯಲ್ಲಿ ಆಡಿಸುತ್ತಾ ಅಣಕಿಸುತ್ತಾನೆ.

ಉಳಿದವು ಸಣ್ಣವು. ಮೂಲ ಕ್ಯಾಸೆಟ್ಟಿನಲ್ಲಿ ಮುಳ್ಳಿನ ಮೇಲೆ ಬಿದ್ದು ಉಂಗುರ ಕಳೆದುಕೊಂಡು ಮತ್ತೆ ಮುಳ್ಳಿನ ಮೇಲೇ ಬಿದ್ದರೆ ಕ್ಷಣಮಾತ್ರದ ರಕ್ಷಣೆಯೂ ಇಲ್ಲ, ಪ್ರಾಣ ಹೋಗುತ್ತದೆ. ಆಟವನ್ನು ಸೇವ್ ಮಾಡುವ ಸೌಲಭ್ಯವೂ ಇರಲಿಲ್ಲ.

ತಯಾರಕರಿಗೆ ಇದೆಲ್ಲ ಗೊತ್ತಾಗಿತ್ತು ಎನ್ನಲು ಮುಂದಿನ ಆಟಗಳೇ ಸಾಕ್ಷಿ. 1992ರ ಎರಡನೆಯ ಸೋನಿಕ್‌ನಲ್ಲಿ ನಿಂತಲ್ಲೇ ಗಿರಗಿರನೆ ತಿರುಗಿ ಚಿಮ್ಮುವ ಸ್ಪಿನ್ ಡ್ಯಾಶ್ ಬಂತು, ಓಟ ಕಳೆದುಕೊಂಡವನು ಎರಡು ಸೆಕೆಂಡು ಒದ್ದಾಡುವುದು ತಪ್ಪಿತು. ಮುಳ್ಳಿನ ದೋಷವನ್ನೂ ತಿದ್ದಿದರು. 1993ರ ಸೋನಿಕ್ ಸಿಡಿಯಲ್ಲಿ ಅವನು ಜೋರಾಗಿ ಓಡುವಾಗ ಪರದೆಯೇ ಮುಂದಕ್ಕೆ ಸರಿದು ದಾರಿ ತೋರಿಸತೊಡಗಿತು. 2013ರಲ್ಲಿ ಮೊಬೈಲಿಗಾಗಿ ಹೊಸದಾಗಿ ಬರೆದ ಆವೃತ್ತಿಯಲ್ಲಿ ಅಗಲ ಪರದೆ, ಸ್ಪಿನ್ ಡ್ಯಾಶ್, ಸೇವ್ ಮೂರೂ ಇವೆ. ಆದರೆ ಮಾರ್ಬಲ್‌ನ ಕಲ್ಲುಗಳು ಅಲ್ಲೇ ಇವೆ. ಪರದೆಯನ್ನು ಅಗಲಿಸಬಹುದು, ಹಂತದ ನಕ್ಷೆಯನ್ನು ಬದಲಿಸಿದರೆ ಅದು ಬೇರೆಯೇ ಆಟವಾಗುತ್ತದೆ.

ಮಕ್ಕಳಿಗೆ ಕೊಡಬಹುದೇ?

ಖಂಡಿತ ಕೊಡಬಹುದು. ಇಂದಿನ ಎಷ್ಟೋ ಉಚಿತ ಮೊಬೈಲ್ ಆಟಗಳು ಮಗು ಸೋತ ಕೂಡಲೇ ಜಾಹೀರಾತು ತೋರಿಸುತ್ತವೆ, ಇಲ್ಲವೇ ಅಪ್ಪನ ಕಾರ್ಡಿಗೆ ಕೈ ಹಾಕುತ್ತವೆ. 1991ರ ವಿನ್ಯಾಸದಲ್ಲಿ ಸೋತ ಮಗುವಿಗೆ ಸಿಗುವುದು ಚೆಲ್ಲಿದ ಉಂಗುರಗಳು ಮತ್ತು ಅವನ್ನು ಹೆಕ್ಕಿಕೊಳ್ಳಲು ಕೆಲವು ಸೆಕೆಂಡು. ಗಳಿಸಿದ ಓಟವನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದನ್ನು ಗ್ರೀನ್ ಹಿಲ್‌ನಷ್ಟು ಸೊಗಸಾಗಿ ಕಲಿಸುವ ಆಟ ಈಗಲೂ ಅಪರೂಪ.

ಕೊಡುವಾಗ ಎರಡು ಮಾತು ನೆನಪಿರಲಿ. ಸಾಧ್ಯವಿದ್ದರೆ ಅಗಲ ಪರದೆಯ ಆವೃತ್ತಿಯನ್ನೇ ಆರಿಸಿ. ಮೊದಲ ಝೋನನ್ನು ಬೇಕಾದಷ್ಟು ಸಲ ಆಡಲು ಬಿಡಿ, ದಾರಿ ಬಾಯಿಪಾಠವಾದ ಮೇಲೆಯೇ ಅದರ ನಿಜವಾದ ರುಚಿ. ಮಾರ್ಬಲ್‌ನಲ್ಲಿ ಬೇಸರಪಟ್ಟು ಕೆಳಗಿಟ್ಟರೆ "ನಿನಗೆ ತಾಳ್ಮೆಯಿಲ್ಲ" ಎಂದು ಗದರಬೇಡಿ. ಪಕ್ಕದಲ್ಲಿ ಕೂತು ಆ ಎರಡು ಕಲ್ಲು ನೀವೇ ದಾಟಿಸಿ ಕೊಡಿ, ಮುಂದೆ ಸ್ಟಾರ್ ಲೈಟ್ ಇದೆ.